ಪತ್ತನಾಜೆಯ ಒಳಗೆ ಹಳೇ ಟಯರ್ ಖಾಲಿ ಮಾಡಿ: ಮಂಗಳೂರಿನ ಗ್ಯಾರೇಜು, ಫ್ಲ್ಯಾಟು, ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೂಳೂರಿನ ಹತ್ತಿರ ನಮ್ಮ ಭಾವನದ್ದೊಂದು ಸಣ್ಣ ಗ್ಯಾರೇಜು ಉಂಟು. ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕೆಲವು ವರ್ಷದ ಹಿಂದೆ ಮೇ ಕೊನೆಗೆ, ತುಳುವರು ಮಳೆಗಾಲದ ಹೊಸ್ತಿಲು ಎಂದು ಲೆಕ್ಕ ಹಾಕುವ ಪತ್ತನಾಜೆಯ ಹೊತ್ತಿಗೆ, ಗ್ಯಾರೇಜಿನ ಹಿತ್ತಲಲ್ಲಿ ನೂರ ನಲವತ್ತು ಹಳೇ ಟಯರ್ ರಾಶಿ ಬಿದ್ದಿತ್ತು. ಒಬ್ಬ ಟೆಂಪೋದವನು ಬಂದ. "ನೀವು ದುಡ್ಡು ಕೊಡುವುದು ಬೇಡ, ನಾನೂ ಕೊಡುವುದಿಲ್ಲ, ಜಾಗ ಖಾಲಿ ಮಾಡಿ ಕೊಡ್ತೇನೆ" ಎಂದ. ತಲೆನೋವು ಹೋಯಿತು ಎಂದು ನಾವೇ ನಿಂತು ತುಂಬಿಸಿ ಕಳಿಸಿದೆವು. ಎರಡು ವಾರದ ಮೇಲೆ ಫಲ್ಗುಣಿ ನದಿಯ ಬದಿಯಲ್ಲಿ ಒಂದು ರಾಶಿ ಟಯರ್ ಕಂಡಿತು. ಭಾವ ಹಳದಿ ಪೇಂಟಿನಲ್ಲಿ ಬರೆದ ನಂಬರ್ ಹಾಗೇ ಇತ್ತು. ಒಳಗೆ ಮಳೆನೀರು, ನೀರಿನಲ್ಲಿ ಕುಣಿಯುವ ಹುಳ.

ನಾಚಿಕೆಯಾಯಿತು. ಆಮೇಲೆ ಕೂತು ನಿಯಮ ಓದಿದೆ, ನಾಲ್ಕು ಕಡೆ ವಿಚಾರಿಸಿದೆ. ನಾವು ತಪ್ಪಿದ್ದು ಎಲ್ಲಿ ಎನ್ನುವುದೂ ಗೊತ್ತಾಯಿತು. ಹಳೇ ಟಯರಿಗೆ ಈ ದೇಶದಲ್ಲಿ ದುಡ್ಡಿನ ದಾರಿ ಒಂದು ಉಂಟು. ಆದರೆ ಟಯರ್ ಸರಿಯಾದ ಗೇಟಿನ ಒಳಗೆ, ತೂಕ ಮತ್ತು ಬಿಲ್ಲಿನ ಜೊತೆ ಹೋದರೆ ಮಾತ್ರ ಆ ದುಡ್ಡು ಹುಟ್ಟುತ್ತದೆ.

ಮೊದಲು: ದುಡ್ಡು ಯಾರದ್ದು, ಎಲ್ಲಿಂದ ಬರುತ್ತದೆ?

ಇದನ್ನು ಬಿಟ್ಟು ಮುಂದೆ ಓದಬೇಡಿ. ಇದು ಅರ್ಥವಾದರೆ ಉಳಿದ ಹಂತಗಳು ಸುಲಭ.

ಅಮೆರಿಕದ ಹಲವು ರಾಜ್ಯಗಳಲ್ಲಿ ಲೆಕ್ಕ ನೇರ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಟಯರ್ ಕೊಂಡರೆ ಬಿಲ್ಲಿನಲ್ಲೇ 1.75 ಡಾಲರ್ ಶುಲ್ಕ ಸೇರುತ್ತದೆ. ಅದರಲ್ಲಿ ಒಂದು ಪಾಲು ರಾಜ್ಯದ ಟಯರ್ ನಿಧಿಗೆ ಹೋಗುತ್ತದೆ. ಕಾಡಿನಲ್ಲಿ ಎಸೆದ ರಾಶಿ ತೆಗೆಯುವುದಕ್ಕೂ ಮರುಬಳಕೆಯ ಅನುದಾನಕ್ಕೂ ಆ ನಿಧಿಯಿಂದಲೇ ಖರ್ಚು.

ನಮ್ಮಲ್ಲಿ ಬಿಲ್ಲಿನಲ್ಲಿ ಅಂಥ ಸಾಲು ಇಲ್ಲ. 2022ರ ಜುಲೈ 21ರಂದು ಕೇಂದ್ರ ಪರಿಸರ ಸಚಿವಾಲಯ ಅಪಾಯಕಾರಿ ತ್ಯಾಜ್ಯದ ನಿಯಮಗಳಿಗೆ ತಿದ್ದುಪಡಿ ತಂದು ಹಳೇ ಟಯರಿನ ಹೊಣೆಯನ್ನು ಅದನ್ನು ಮಾಡಿದವರ, ಆಮದು ಮಾಡಿದವರ ತಲೆಗೆ ಕಟ್ಟಿತು. ಹೊಸ ಟಯರ್ ಹಾಕಿದ ಗಾಡಿಯನ್ನು ಹೊರದೇಶದಿಂದ ತರುವವರೂ ಇದರಲ್ಲಿ ಸೇರುತ್ತಾರೆ. ಕಡತದ ಭಾಷೆಯಲ್ಲಿ ಇದು 'ವಿಸ್ತರಿತ ಉತ್ಪಾದಕರ ಹೊಣೆಗಾರಿಕೆ'. ಬಾಯಿಮಾತಿನಲ್ಲಿ ಎಲ್ಲರೂ ಇಪಿಆರ್ ಎನ್ನುತ್ತಾರೆ.

ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. 2020-21ರಲ್ಲಿ ಒಂದು ಕಂಪನಿ ಎಷ್ಟು ಟಯರ್ ಮಾಡಿತೋ ಅದರ ಶೇ. 35ರಷ್ಟರ ಹೊಣೆ 2022-23ರಲ್ಲಿ. 2021-22ರ ಲೆಕ್ಕದ ಶೇ. 70 ಮರುವರ್ಷ. 2024-25ರಿಂದ ಪೂರ್ತಿ ಶೇ. 100, ಎರಡು ವರ್ಷದ ಹಿಂದಿನ ಲೆಕ್ಕಕ್ಕೆ.

ಹಾಗಂತ ಟಯರ್ ಕಂಪನಿಯವರು ಪಡೀಲಿಗೂ ಕೊಟ್ಟಾರ ಚೌಕಿಗೂ ಬಂದು ಹಳೇ ಟಯರ್ ಹೆಕ್ಕಬೇಕು ಅಂತ ಇಲ್ಲ. ಅವರು ಸರ್ಟಿಫಿಕೇಟ್ ಕೊಂಡರೆ ಸಾಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮರುಬಳಕೆ ಕಾರ್ಖಾನೆ ಟಯರ್ ತೆಗೆದುಕೊಳ್ಳುತ್ತದೆ, ಅದರಿಂದ ಏನೋ ಒಂದು ಮಾಡಿ ಮಾರುತ್ತದೆ. ಮಾರಿದ ಲೆಕ್ಕಕ್ಕೆ ತಕ್ಕ ಹಾಗೆ ಅದಕ್ಕೆ ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ಟಯರ್ ಕಂಪನಿ ದುಡ್ಡು ಕೊಟ್ಟು ಕೊಳ್ಳುತ್ತದೆ. ಸರ್ಟಿಫಿಕೇಟ್ ಹುಟ್ಟಿದ ಹಣಕಾಸು ವರ್ಷ ಮುಗಿದ ಮೇಲೆ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ.

ಕಂಪನಿ ತನ್ನ ಪಾಲು ಮುಗಿಸದಿದ್ದರೆ 'ಪರಿಸರ ಪರಿಹಾರ' ಎಂಬ ದಂಡ. ಇದರಲ್ಲೊಂದು ಜಾಣ ಏರ್ಪಾಡು ಉಂಟು. ದಂಡ ಕಟ್ಟಿ ಒಂದು ವರ್ಷದ ಒಳಗೆ ಬಾಕಿ ಹೊಣೆ ತೀರಿಸಿದರೆ ಶೇ. 75 ವಾಪಸ್. ಎರಡು ವರ್ಷಕ್ಕೆ ತೀರಿಸಿದರೆ ಶೇ. 60, ಮೂರಕ್ಕೆ ಶೇ. 40. ಆಮೇಲೆ ಏನೂ ಇಲ್ಲ. ಈ ಹಣ ಬೇರೆಯೇ ಖಾತೆಯಲ್ಲಿರಬೇಕು, ಯಾರೂ ಹೆಕ್ಕದೆ ಬಿಟ್ಟ ಟಯರಿಗೆ ಖರ್ಚಾಗಬೇಕು ಎನ್ನುತ್ತದೆ ನಿಯಮ.

ಹಾಗಾದರೆ ರಾಜ್ಯದ ಕೆಲಸ ಏನು? ಕಾರ್ಖಾನೆ ಕಟ್ಟಲು, ನಡೆಸಲು ಒಪ್ಪಿಗೆ ಕೊಡುವುದು, ಹೋಗಿ ನೋಡುವುದು, ಕಳ್ಳ ಲೆಕ್ಕ ಹಿಡಿಯುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಾಲು. ರಸ್ತೆ ಬದಿಯ ರಾಶಿ, ಅದರೊಳಗಿನ ಸೊಳ್ಳೆ, ಸುಟ್ಟ ಹೊಗೆ ಎಲ್ಲ ಪಾಲಿಕೆ, ಪಂಚಾಯತು ಮತ್ತು ಆರೋಗ್ಯ ಇಲಾಖೆಯ ತಲೆಗೆ. ಮೇಲಿನ ವ್ಯವಸ್ಥೆಯಿಂದ ಜಾರಿದ್ದೆಲ್ಲ ಕೆಳಗಿನವರ ಖರ್ಚು ಎಂದರೂ ತಪ್ಪಲ್ಲ.

ನಮ್ಮ ನೂರ ನಲವತ್ತು ಟಯರ್ ಯಾವ ನೋಂದಾಯಿತ ಗೇಟನ್ನೂ ದಾಟಲಿಲ್ಲ. ಸರ್ಟಿಫಿಕೇಟೂ ಹುಟ್ಟಲಿಲ್ಲ, ದುಡ್ಡೂ ಹುಟ್ಟಲಿಲ್ಲ.

ಹಂತ 1: ಟಯರ್ ನಿಜವಾಗಿ ಸತ್ತಿದೆಯಾ ನೋಡಿ

ಕಾರಿನ ಟಯರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ರಬ್ಬರ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಆ ಟಯರ್ ರಸ್ತೆಗೆ ಆಗುವುದಿಲ್ಲ. ನಮ್ಮ ಮಳೆಯಲ್ಲಂತೂ ಖಂಡಿತಾ ಆಗುವುದಿಲ್ಲ. ಪಕ್ಕದ ಗೋಡೆಯಲ್ಲಿ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕೆ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಗೋಡೆ ಬಿರಿದಿದ್ದರೆ, ಉಬ್ಬಿದ್ದರೆ ಬೇಡ.

ಲಾರಿ, ಬಸ್ಸಿನ ಟಯರ್ ಆದರೆ ಒಂದು ನಿಮಿಷ ತಡೆಯಿರಿ. ಮೈ ಗಟ್ಟಿ ಇದ್ದರೆ ರೀಸೋಲ್ ಆಗುತ್ತದೆ, ಅಂದರೆ ಸವೆದ ಮೇಲ್ಮೈಗೆ ಹೊಸ ರಬ್ಬರ್ ಕೂರಿಸಬಹುದು. ಹೊಸ ಟಯರ್ ಮಾಡುವುದಕ್ಕಿಂತ ಎಷ್ಟೋ ಕಡಿಮೆ ರಬ್ಬರ್ ಸಾಕು. ಶಿರಾಡಿ ಘಾಟಿ ಹತ್ತಿ ಇಳಿಯುವ ಗಾಡಿಯವರಿಗೆ ಇದು ಹೊಸ ವಿಷಯವಲ್ಲ. ಮೇಲೆ ಹೇಳಿದ ನಿಯಮವೂ ರೀಸೋಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರಿಂದ ಕಂಪನಿಯ ಹೊಣೆ ತೀರುವುದಿಲ್ಲ, ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಟಯರ್ ಸಾಯುವುದು ತಡವಾಯಿತು ಅಷ್ಟೇ ಅಲ್ವಾ, ಸರಿಯಾದ ಲೆಕ್ಕ.

ಹಂತ 2: ಎಣಿಸಿ, ಬೇರ್ಪಡಿಸಿ, ಗುರುತು ಹಾಕಿ

ಬೈಕು-ಸ್ಕೂಟರ್, ಕಾರು, ಲಾರಿ ಎಂದು ಮೂರು ರಾಶಿ. ಲಾರಿಯಲ್ಲಿ ನೈಲಾನ್ (ಒಳಗೆ ನಾರಿನ ಪದರದ್ದು) ಬೇರೆ, ರೇಡಿಯಲ್ (ಒಳಗೆ ಸರಿಗೆಯ ಪದರದ್ದು) ಬೇರೆ, ಯಾಕೆಂದರೆ ದರವೂ ಬೇರೆ. ಟ್ಯೂಬುಗಳನ್ನು ಟಯರಿನ ಒಳಗೆ ತುರುಕಬೇಡಿ, ಅದಕ್ಕೆ ಪ್ರತ್ಯೇಕ ಬೆಲೆ ಸಿಗುತ್ತದೆ. ರಿಮ್ಮು ಇದ್ದರೆ ತೆಗೆಯಿರಿ. ಟಯರ್ ಒಳಗಿನ ಕಲ್ಲು, ಮಣ್ಣು ಕೊಡವಿ. ಕೆಜಿ ಲೆಕ್ಕದಲ್ಲಿ ಕೊಳ್ಳುವವನು ಮಣ್ಣಿನ ತೂಕ ಅಂದಾಜಿನಲ್ಲಿ ಕಳೆಯುತ್ತಾನೆ, ಅವನ ಅಂದಾಜು ಯಾವಾಗಲೂ ಜಾಸ್ತಿಯೇ ಇರುತ್ತದೆ.

ಪೇಂಟಿನಲ್ಲಿ ಒಂದು ಗುರುತು ಹಾಕಿಡಿ. ನಮ್ಮ ಟಯರ್ ಎಲ್ಲಿ ಹೋಯಿತು ಎಂದು ಗೊತ್ತಾದದ್ದೇ ಆ ಹಳದಿ ನಂಬರಿನಿಂದ.

ಹಂತ 3: ಹೋಗುವ ತನಕ ಒಣಗಿಸಿ ಇಡಿ

ನಮ್ಮ ಊರಲ್ಲಿ ಎಲ್ಲಕ್ಕಿಂತ ಮುಖ್ಯ ಹಂತ ಇದು. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ, ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಟಯರನ್ನು ಹೇಗೆ ಇಟ್ಟರೂ ಒಂದು ಬದಿಯಲ್ಲಿ ನೀರು ನಿಲ್ಲುತ್ತದೆ. ಮಲಗಿಸಿದರೆ ಸುತ್ತ, ನಿಲ್ಲಿಸಿದರೆ ಕೆಳಗೆ. ಒಳಗೆ ಕತ್ತಲೆ, ಬೆಚ್ಚಗೆ, ಕೊಳೆತ ಎಲೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆ ಬಾಣಂತಿ ಕೋಣೆ ಇಲ್ಲ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು. ಆದರೆ ಹಲವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದು ಉಂಟು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ರಬ್ಬರಿನ ಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮುಂದಿನ ಮಳೆ ಬಿದ್ದಾಗ ಒಡೆಯುತ್ತದೆ. ಹಾಗಾಗಿ ನೀರು ಚೆಲ್ಲಿದ ಮೇಲೆ ಒರಟು ಬ್ರಷ್ಷಿನಲ್ಲಿ ಒಳಗೋಡೆ ಉಜ್ಜಬೇಕು. ಈಡಿಸ್ ಕುಲದ್ದೇ ಆದ ಏಷ್ಯಾದ ಹುಲಿಸೊಳ್ಳೆ ಸಮುದ್ರ ದಾಟಿ ಬೇರೆ ಖಂಡಗಳಿಗೆ ಹೋದದ್ದೇ ಹೀಗೆ, ಹಡಗಿನಲ್ಲಿ ಸಾಗಿಸಿದ ಹಳೇ ಟಯರಿನೊಳಗೆ. 1985ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಅದು ನೆಲೆ ಊರಿದ್ದು ಕಂಡುಬಂತು.

2019ರ ಮಳೆಗಾಲ ನೆನಪುಂಟಲ್ಲ? ಗುಜ್ಜರಕೆರೆಯ ಸುತ್ತಮುತ್ತ ಮನೆಮನೆಯಲ್ಲಿ ಡೆಂಗ್ಯೂ. 2024ರಲ್ಲಿ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ದಂಡದ ಪಟ್ಟಿ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟರೆ ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಅಂಗಡಿ, ಹೋಟೆಲು, ಕಾರ್ಖಾನೆಗೆ ಪೇಟೆಯಲ್ಲಿ 1,000, ಹಳ್ಳಿಯಲ್ಲಿ 500. ಪಂಕ್ಚರ್ ಅಂಗಡಿ, ಗುಜರಿ, ಬೊಂಡ (ಎಳನೀರು) ಮಾರುವವರನ್ನು ಹೆಸರು ಹೇಳಿಯೇ ಈ ಪಟ್ಟಿಗೆ ಸೇರಿಸಿದ್ದಾರೆ. ಕಟ್ಟಡ ಕೆಲಸದ ಜಾಗ, ಖಾಲಿ ಸೈಟಿಗೆ 2,000 ಮತ್ತು 1,000.

ಮಾಡಬೇಕಾದದ್ದು ಇಷ್ಟು. ಮಾಡಿನ ಕೆಳಗೆ ಜಾಗ ಇದ್ದರೆ ಅಲ್ಲಿ ಇಡಿ. ಇಲ್ಲದಿದ್ದರೆ ನೆಲಕ್ಕೆ ಎರಡು ಸಾಲು ಕಲ್ಲು ಇಟ್ಟು ಮೇಲೆ ಪೇರಿಸಿ, ಟರ್ಪಾಲನ್ನು ಇಳಿಜಾರಾಗಿ ಕಟ್ಟಿ. ಸಮತಟ್ಟಾಗಿ ಹೊದೆಸಿದರೆ ಟರ್ಪಾಲಿನ ಗುಂಡಿಯಲ್ಲೇ ನೀರು ನಿಲ್ಲುತ್ತದೆ, ಸೊಳ್ಳೆ ಒಂದು ಮಾಳಿಗೆ ಮೇಲೆ ಹೋಯಿತು ಅಷ್ಟೇ. ಇನ್ನೊಂದು ತಮಾಷೆ ನೋಡಿ: ಟರ್ಪಾಲು ಹಾರದಂತೆ ಭಾರಕ್ಕೆ ನಾವು ಇಡುವುದು ಮತ್ತೊಂದು ಹಳೇ ಟಯರ್! ಕಲ್ಲು ಇಡಿ ಮಾರಾಯ್ರೇ.

ರಾಶಿ ಎದೆಮಟ್ಟಕ್ಕಿಂತ ಎತ್ತರ ಬೇಡ. ವೆಲ್ಡಿಂಗ್ ಮಾಡುವ ಜಾಗ, ಕರೆಂಟಿನ ಮೀಟರ್, ಒಣ ಮಡಲಿನ ರಾಶಿಯಿಂದ ದೂರ ಇರಲಿ. ಟಯರಿಗೆ ಹತ್ತಿದ ಬೆಂಕಿ ಹೊರಗೆ ನಂದಿದಂತೆ ಕಂಡರೂ ಒಳಗೆ ಉರಿಯುತ್ತಿರುತ್ತದೆ. ಬಾಲ್ದಿ ನೀರಿಗೆ ಅದು ಬಗ್ಗುವುದಿಲ್ಲ.

ಹಂತ 4: ಯಾರಿಗೆ ಕೊಡುವುದು?

ಮನೆಯವರಿಗೆ ಸುಲಭದ ದಾರಿ, ಹೊಸ ಟಯರ್ ಹಾಕಿಸುವಾಗ ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು. ಬೆಲೆಯಲ್ಲಿ ಎಷ್ಟು ಕಡಿತ ಎಂದು ಮೊದಲೇ ಕೇಳಿ. "ಇರಲಿ, ಯಾವುದಕ್ಕಾದರೂ ಆದೀತು" ಎಂದು ಡಿಕ್ಕಿಯಲ್ಲಿ ಹಾಕಿಕೊಂಡು ಬಂದರೆ ಅದು ಹತ್ತು ವರ್ಷ ನಿಮ್ಮ ಬಾವಿಕಟ್ಟೆಯ ಹಿಂದೆಯೇ ಇರುತ್ತದೆ. ನಮ್ಮ ಮನೆಯಲ್ಲಿ ಇತ್ತು, ಅದಕ್ಕೇ ಹೇಳುವುದು.

ಫ್ಲ್ಯಾಟಿನವರು ಪಾರ್ಕಿಂಗಿನ ಮೂಲೆಯ ಟಯರುಗಳನ್ನು ಏಪ್ರಿಲಿನಲ್ಲಿ ಒಮ್ಮೆ ಒಟ್ಟು ಮಾಡಲಿ. ನೋಟೀಸು ಹಾಕಿ, ಹದಿನೈದು ದಿನ ಕೊಡಿ. ಆಮೇಲೂ ಯಾರೂ ಬಾರದ ಟಯರ್ ಅಸೋಸಿಯೇಷನ್ನಿನದ್ದು ಎಂದು ನೋಟೀಸಿನಲ್ಲೇ ಬರೆಯಿರಿ. ಒಣಕಸದ ಗಾಡಿಗೆ ಟಯರ್ ತುರುಕಬೇಡಿ. ಪಚ್ಚನಾಡಿಯಲ್ಲಿ 2019ರ ಆಗಸ್ಟಿನಲ್ಲಿ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದನ್ನು ನೋಡಿದವರು ನಾವು. ಆ ಗುಡ್ಡಕ್ಕೆ ಟಯರನ್ನೂ ಸೇರಿಸುವುದು ಬೇಡ.

ಗ್ಯಾರೇಜು, ಪಂಕ್ಚರ್ ಅಂಗಡಿಯವರಿಗೆ ಒಂದು ಸಮಾಧಾನ. ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕಾದವರು ನೀವಲ್ಲ. ಅದು ಟಯರ್ ಮಾಡುವವರಿಗೆ, ತರಿಸುವವರಿಗೆ, ಮರುಬಳಕೆ ಮತ್ತು ರೀಸೋಲ್ ಮಾಡುವವರಿಗೆ. ಆದರೆ ನಿಮ್ಮಿಂದ ಕೊಳ್ಳುವ ಗುಜರಿಯವರನ್ನು ಒಂದು ಪ್ರಶ್ನೆ ಕೇಳಲೇಬೇಕು: "ಇದು ಇಲ್ಲಿಂದ ಯಾವ ಕಾರ್ಖಾನೆಗೆ ಹೋಗುತ್ತದೆ?" ಹೆಸರು ಹೇಳಿದರೆ ಪೋರ್ಟಲ್‌ನಲ್ಲಿ ಆ ಹೆಸರು ಉಂಟಾ ನೋಡಿ. ಬಂದರಿನಲ್ಲಾಗಲಿ ಬೈಕಂಪಾಡಿಯಲ್ಲಾಗಲಿ, ವರ್ಷಗಟ್ಟಲೆ ಒಂದೇ ಕಡೆ ವ್ಯಾಪಾರ ಮಾಡಿದ ಗುಜರಿಯವರು ಈ ಪ್ರಶ್ನೆಗೆ ಬೇಜಾರು ಮಾಡುವುದಿಲ್ಲ. ಸುಮ್ನೆ ನಗಾಡಿ ಮಾತು ತಿರುಗಿಸಿದರೆ ಬೇರೆಯವರನ್ನು ನೋಡಿ. ಪುಕ್ಕಟೆ ಒಯ್ಯುತ್ತೇನೆ ಎನ್ನುವವನ ಹತ್ತಿರ ಇನ್ನೂ ಹೆಚ್ಚು ಕೇಳಿ. ಟೆಂಪೋ ಡೀಸೆಲಿನ ದುಡ್ಡು ಅವನಿಗೆ ಎಲ್ಲಿಂದಾದರೂ ಹುಟ್ಟಬೇಕಲ್ಲ?

ಹಳೇ ಗಾಡಿಯನ್ನೇ ಗುಜರಿಗೆ ಹಾಕುವುದಾದರೆ ಟಯರ್ ಬಿಚ್ಚಿ ಇಟ್ಟುಕೊಳ್ಳಬೇಡಿ. ನೋಂದಾಯಿತ ಗಾಡಿ ಗುಜರಿ ಕೇಂದ್ರಕ್ಕೆ ಗಾಡಿಯ ಜೊತೆಯೇ ಹೋಗಲಿ.

ಹಂತ 5: ತೂಕ ಮತ್ತು ಕಾಗದ

ಕಾರಿನ ಟಯರ್ ಒಂದಕ್ಕೆ ಸುಮಾರು 7-9 ಕೆಜಿ. ದೊಡ್ಡ ಲಾರಿಯದ್ದು 50 ಕೆಜಿ ದಾಟುತ್ತದೆ. ಐವತ್ತು ಅರವತ್ತು ಟಯರ್ ಆಯಿತೆಂದರೆ ವೇಬ್ರಿಡ್ಜಿಗೆ ಹೋಗಿ. ಖಾಲಿ ಗಾಡಿ ಒಮ್ಮೆ, ತುಂಬಿದ ಗಾಡಿ ಒಮ್ಮೆ. ಎರಡೂ ಚೀಟಿಯ ಫೋಟೋ ತೆಗೆಯಿರಿ. ವೇಬ್ರಿಡ್ಜಿನ ಚೀಟಿ ಬಿಸಿಲಿಗೆ ಮಾಸಿ ಹೋಗುತ್ತದೆ, ಫೈಲಿನಲ್ಲಿ ಬಿಳಿ ಕಾಗದ ಮಾತ್ರ ಉಳಿಯುತ್ತದೆ.

ಬಿಲ್ಲಿನಲ್ಲಿ 'ಸ್ಕ್ರಾಪ್' ಎಂದಷ್ಟೇ ಬರೆದರೆ ಸಾಲದು. 'ಹಳೇ ಟಯರ್, ಕಾರು ಇಷ್ಟು, ಲಾರಿ ಇಷ್ಟು, ಒಟ್ಟು ಕೆಜಿ ಇಷ್ಟು' ಎಂದು ಇರಲಿ. ಕೊಂಡವರ ಹೆಸರು, ಜಿಎಸ್‌ಟಿ ನಂಬರ್, ಗಾಡಿ ನಂಬರ್, ತಾರೀಕು ಇರಲಿ. ನಾನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬಂದ ಟಯರ್, ಹೋದ ಟಯರ್, ಉಳಿದದ್ದು ಎಂದು ಮೂರು ಕಲಂ ಮಾಡಿದ್ದೇನೆ. ಆರೋಗ್ಯ ಇಲಾಖೆಯವರು ಬಂದು "ಇಷ್ಟು ಟಯರ್ ಯಾಕೆ?" ಎಂದಾಗ ಆ ಪುಸ್ತಕ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಹಂತ 6: ಕಾರ್ಖಾನೆಯಲ್ಲಿ ಏನಾಗುತ್ತದೆ ತಿಳಿದಿರಿ

ನಮಗೆ ಯಾಕೆ ಅದು ಎನ್ನಬೇಡಿ. ನಿಮ್ಮ ಟಯರಿಗೆ ದರ ಹೇಗೆ ಬರುತ್ತದೆ ಎನ್ನುವುದು ಇಲ್ಲಿ ತಿಳಿಯುತ್ತದೆ.

ಪ್ಲಾಸ್ಟಿಕ್ ಬಾಟಲಿ ತುಪ್ಪದ ಹಾಗೆ, ಬಿಸಿ ಮಾಡಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಟಯರ್ ನೀರುದೋಸೆಯ ಹಾಗೆ. ಒಮ್ಮೆ ಬೆಂದ ಮೇಲೆ ಅದನ್ನು ಹಿಟ್ಟು ಮಾಡಲಿಕ್ಕಾಗುವುದಿಲ್ಲ. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿದಾಗ ಅದರ ಎಳೆಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಆ ಗಂಟಿನಿಂದಲೇ ಟಯರ್ ಹತ್ತಾರು ಸಾವಿರ ಕಿಲೋಮೀಟರ್ ಬಾಳುವುದು, ಆ ಗಂಟಿನಿಂದಲೇ ಮರುಬಳಕೆ ಕಷ್ಟ. ಸುಳ್ಯ, ಪುತ್ತೂರಿನ ತೋಟದಲ್ಲಿ ಹಾಲಿನ ಹಾಗೆ ಇಳಿಯುವ ರಬ್ಬರನ್ನು ನೋಡಿದವರಿಗೆ ಇದೆಲ್ಲ ವಿಚಿತ್ರ ಅನಿಸೀತು.

ದಾರಿಗಳು ಕೆಲವು ಉಂಟು. ಮೊದಲನೆಯದ್ದು ಪುಡಿ. ಟಯರನ್ನು ತುಂಡು ಮಾಡಿ, ಅಯಸ್ಕಾಂತದಿಂದ ಸರಿಗೆ ಎಳೆದು, ನಾರು ಊದಿ ತೆಗೆದು, ಜರಡಿ ಹಿಡಿಯುತ್ತಾರೆ. ಈ ಪುಡಿ ಆಟದ ಮೈದಾನದ ಹಾಸಿಗೆ, ರಬ್ಬರ್ ಮ್ಯಾಟಿಗೆ ಹೋಗುತ್ತದೆ. ಡಾಮರಿಗೂ ಹೋಗುತ್ತದೆ. ಬಿಸಿ ಡಾಮರಿಗೆ ರಬ್ಬರ್ ಪುಡಿ ಸೇರಿಸಿದರೆ ರಸ್ತೆ ಬಿಸಿಲಿಗೆ ಮೆತ್ತಗಾಗುವುದು, ಬಿರುಕು ಬಿಡುವುದು ಕಡಿಮೆ. ನಮ್ಮ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ನಲ್ಲೇ ಡಾಮರು ತಯಾರಾಗುತ್ತದೆ, ನಮ್ಮ ರಸ್ತೆಯೇ ಟಯರ್ ಸವೆಸುತ್ತದೆ. ಆ ಟಯರ್ ಪುಡಿಯಾಗಿ ಅದೇ ರಸ್ತೆಗೆ ಬಂದರೆ ಚಂದ ಅಲ್ವಾ?

ಎರಡನೆಯದ್ದು ರಿಕ್ಲೇಮ್ ರಬ್ಬರ್. ಪುಡಿಗೆ ಎಣ್ಣೆ, ರಾಸಾಯನಿಕ ಸೇರಿಸಿ ಒತ್ತಡದಲ್ಲಿ ಬೇಯಿಸಿ ಆ ಗಂಟುಗಳಲ್ಲಿ ಕೆಲವನ್ನು ಬಿಡಿಸುತ್ತಾರೆ. ಹಾಳೆ ಹಾಳೆಯಾಗಿ ಬರುತ್ತದೆ. ಚಪ್ಪಲಿ ಅಟ್ಟೆ, ಮ್ಯಾಟು, ಸ್ವಲ್ಪ ಮಟ್ಟಿಗೆ ಹೊಸ ಟಯರಿಗೂ ಬೆರೆಸುತ್ತಾರೆ.

ಮೂರನೆಯದ್ದು ಪೈರೋಲಿಸಿಸ್. ಗಾಳಿ ಹೋಗದ ಕೊಳವೆಯಲ್ಲಿ 400-500 ಡಿಗ್ರಿಗೆ ಕಾಯಿಸಿದರೆ ಟಯರ್ ಎಣ್ಣೆ, ಮಸಿ, ಸರಿಗೆ, ಅನಿಲ ಎಂದು ಒಡೆಯುತ್ತದೆ. ಎಣ್ಣೆ ಕುಲುಮೆಗೆ ಉರುವಲು. ಮಸಿಯನ್ನು ಶುದ್ಧ ಮಾಡಿದರೆ ಮತ್ತೆ ರಬ್ಬರಿಗೆ ಬೆರೆಸಬಹುದು. ದೂರು ಜಾಸ್ತಿ ಇರುವುದೂ ಈ ದಾರಿಯ ಮೇಲೆಯೇ. ಒಂದೊಂದು ಸಲ ತುಂಬಿ, ಕಾಯಿಸಿ, ಬಾಗಿಲು ತೆರೆದು ಮಸಿ ಎಳೆಯುವ ಹಳೇ ಪದ್ಧತಿಯಲ್ಲಿ ಹೊಗೆ, ದೂಳು, ಬೆಂಕಿ ಅವಘಡ. ಸತತವಾಗಿ ಓಡುವ ಮುಚ್ಚಿದ ಯಂತ್ರ ಎಷ್ಟೋ ವಾಸಿ, ಆದರೆ ಬಂಡವಾಳ ಹೆಚ್ಚು. ಪೈರೋಲಿಸಿಸಿಗಾಗಿ ಹೊರದೇಶದಿಂದ ಹಳೇ ಟಯರ್ ತರಿಸುವುದನ್ನು 2022ರ ನಿಯಮ ನಿಷೇಧಿಸಿದೆ. ನಮ್ಮದೇ ಸಾಕಷ್ಟು ಬಿದ್ದಿರುವಾಗ ಬೇರೆಯವರದ್ದು ಯಾಕೆ ಎನ್ನುವುದು ನ್ಯಾಯವೇ.

ಸರ್ಟಿಫಿಕೇಟಿನ ಲೆಕ್ಕದಲ್ಲಿ ಪುಡಿ, ರಿಕ್ಲೇಮ್, ಎಣ್ಣೆ, ಶುದ್ಧ ಮಸಿಗೆ ಬೇರೆ ಬೇರೆ ತೂಕಾಂಕ ಉಂಟು, ಅಂದರೆ ಮಾರಿದ ಒಂದೇ ತೂಕಕ್ಕೆ ಸಿಗುವ ಸರ್ಟಿಫಿಕೇಟ್ ಬೇರೆ ಬೇರೆ. ಯಾವ ಕಾರ್ಖಾನೆ ಏನು ಮಾಡುತ್ತದೆ ಎನ್ನುವುದರ ಮೇಲೆ ಅದು ಹಳೇ ಟಯರಿಗೆ ಎಷ್ಟು ಕೊಟ್ಟೀತು ಎನ್ನುವುದೂ ನಿಂತಿದೆ. ಗುಜರಿಯವರು ಈ ತಿಂಗಳು ಒಂದು ದರ, ಮುಂದಿನ ತಿಂಗಳು ಇನ್ನೊಂದು ದರ ಹೇಳಿದರೆ ಅದು ಬರೀ ಚೌಕಾಸಿ ಅಲ್ಲ.

ಹಂತ 7: ಸುಡುವವರನ್ನು ಕಂಡರೆ

ಬಂದ್ ದಿನ ರಸ್ತೆಯ ನಡುವೆ, ಚಳಿಯ ದಿನ ಲೋಡಿಂಗಿನವರ ಪಕ್ಕದಲ್ಲಿ, ಸರಿಗೆ ಬೇಕಾದವನ ಹಿತ್ತಲಲ್ಲಿ ಟಯರ್ ಉರಿಯುತ್ತದೆ. ಆ ಕಪ್ಪು ಹೊಗೆಯಲ್ಲಿ ಬೆಂಜೀನ್, ಗಂಧಕದ ಅನಿಲ, ಕ್ಯಾನ್ಸರ್ ತರುವ ಇನ್ನೂ ಹಲವು ವಿಷ ಇವೆ. ಬಯಲಲ್ಲಿ ಟಯರ್ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಪೀಠ ನಿಷೇಧಿಸಿದೆ. ದಿನಾ ಒಂದೇ ಜಾಗದಲ್ಲಿ ಸುಡುತ್ತಿದ್ದರೆ ಫೋಟೋ, ಸಮಯ, ಜಾಗದ ಗುರುತು ಬರೆದಿಟ್ಟು ಪಾಲಿಕೆಗೂ ಬೈಕಂಪಾಡಿಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಲಿಖಿತವಾಗಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹಂತ 8: ಮನೆಯಲ್ಲೇ ಇಟ್ಟುಕೊಳ್ಳುವುದಾದರೆ

ಎಲ್ಲ ಟಯರೂ ಕಾರ್ಖಾನೆಗೇ ಹೋಗಬೇಕು ಅಂತ ಇಲ್ಲ. ದಕ್ಕೆಯಲ್ಲಿ, ಮಲ್ಪೆಯಲ್ಲಿ ಬೋಟಿನ ಬದಿಗೆ ನೇತು ಹಾಕಿದ್ದನ್ನು ನೋಡಿದ್ದೀರಿ. ಮಕ್ಕಳ ಉಯ್ಯಾಲೆ, ಹೂವಿನ ಕುಂಡ, ಕರುವಿನ ಬಾನಿ, ಏನು ಬೇಕಾದರೂ ಮಾಡಿ. ಬಾನಿಯಲ್ಲಿ ನೀರು ಬೇಕಲ್ಲ, ಹಾಗಾಗಿ ಅದನ್ನು ದಿನಾ ಬಗ್ಗಿಸಿ ಉಜ್ಜಿ. ಉಳಿದದ್ದಕ್ಕೆಲ್ಲ ಕೆಳಗಾಗುವ ಬದಿಯಲ್ಲಿ ಹೆಬ್ಬೆರಳು ಗಾತ್ರದ ತೂತು, ಒಂದಲ್ಲ, ಮೂರು ನಾಲ್ಕು. ಸಣ್ಣ ತೂತು ಒಂದೇ ಮಳೆಗೆ ಎಲೆ ಕಸ ಕೂತು ಮುಚ್ಚುತ್ತದೆ. ಸರಿಗೆ ಇರುವ ರೇಡಿಯಲ್ ಆದರೆ ಮನೆಯ ಡ್ರಿಲ್ಲು ಹೋಗುವುದು ಕಷ್ಟ, ಗ್ಯಾರೇಜಿಗೆ ಒಯ್ಯಿರಿ. ತೂತಿನ ಬಾಯಲ್ಲಿ ಸರಿಗೆಯ ಮೊನೆ ಉಳಿದಿದೆಯಾ ಎಂದು ಬಟ್ಟೆಯ ತುಂಡಿನಿಂದ ಸವರಿ ನೋಡಿ, ಬೆರಳಿನಿಂದ ಅಲ್ಲ. ತೂತು ಮಾಡಿದ ಮೇಲೆ ಒಂದು ಚೆಂಬು ನೀರು ಹೊಯ್ಯಿರಿ. ಎಲ್ಲ ಇಳಿದು ಹೋದರೆ ಮಾತ್ರ ಹಗ್ಗ ಕಟ್ಟಿ.